‘ಮನೇಲೇ ಇರ್ತಾರೆ’

ನಾನೂ ಅಕ್ಕನೂ ಒಂದೇ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆವು. 2016ರಲ್ಲಿ, ಹೊಸದುರ್ಗದಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಎದುರಿನಿಂದ ಬಂದ ಕಾರು ಗುದ್ದಿತು. ನನ್ನ ಎಡಗೈ ಮುರಿಯಿತು, ಅಕ್ಕನ ಬಲಗೈ. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ. ಡಾಕ್ಟರರ ಕಣ್ಣಿಗೆ ಇಬ್ಬರೂ ಒಂದೇ. ಬೇರೆಯಾಗಿ ಕಂಡದ್ದು ಆ ಕಾರಿನ ವಿಮಾ ಕಂಪನಿಯವರಿಗೆ.

ಕಂಪನಿಯ ಪರವಾಗಿ ವಿಚಾರಿಸಲು ಬಂದ ಹುಡುಗ ಸಭ್ಯನೇ. ನನ್ನ ಕೆಲಸ, ಸಂಬಳ, ಖರ್ಚಾದ ರಜೆ ಎಲ್ಲ ಬರೆದುಕೊಂಡ. ಅಕ್ಕನ ಕಡೆ ತಿರುಗಿ ‘ಇವರು?’ ಎಂದ. ಉತ್ತರ ಕೊಟ್ಟವಳು ನಾನೇ: ‘ಏನಿಲ್ಲ, ಮನೇಲೇ ಇರ್ತಾರೆ.’ ಬಿ.ಎ., ಬಿ.ಎಡ್. ಮಾಡಿ, ಹೆಣ್ಣುಮಕ್ಕಳಿಗೆ ಸ್ವಾವಲಂಬನೆಯ ಪಾಠ ಹೇಳುತ್ತಿದ್ದ ಬಾಯಿಂದ ಬಂದ ಮಾತಿದು! ಅವನು ‘ಆದಾಯ: ಇಲ್ಲ’ ಎಂದು ಬರೆದ. ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡಳು.

ಈ ‘ಏನಿಲ್ಲ’ದವಳು ಬೆಳಗ್ಗೆ ಐದಕ್ಕೆ ಏಳುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಆಮೇಲೆ ಆರು ಜನರ ತಿಂಡಿ, ಅಡುಗೆ, ಪಾತ್ರೆ, ಬಟ್ಟೆ. ಅವಳ ಕೈ ಮುರಿದ ಮೇಲೆ ಅಡುಗೆಗೊಬ್ಬಳು, ಅತ್ತೆಯನ್ನು ನೋಡಿಕೊಳ್ಳಲು ಇನ್ನೊಬ್ಬಳು ಬಂದರು. ಇಬ್ಬರಿಗೂ ಸೇರಿ ತಿಂಗಳಿಗೆ ಒಂಬತ್ತು ಸಾವಿರ. ಅವರೂ ಸಂಜೆ ಐದಕ್ಕೆ ಮನೆಗೆ ಹೊರಡುತ್ತಿದ್ದರು. ಅಕ್ಕ ಹೊರಡುವುದಾದರೂ ಎಲ್ಲಿಗೆ? ಆ ದುಡ್ಡನ್ನು ಪರಿಹಾರದಲ್ಲಿ ಸೇರಿಸಿ ಎಂದರೆ ಕಂಪನಿಯ ವಕೀಲರು ರಶೀದಿ ಕೇಳಿದರು. ಅಡುಗೆಯವಳು ಸೊಂಟಕ್ಕೆ ರಶೀದಿ ಪುಸ್ತಕ ಸಿಕ್ಕಿಸಿಕೊಂಡು ಸಾರು ಕುದಿಸುತ್ತಾಳೆಯೇ?

ಕಂಪನಿಯೊಂದನ್ನೇ ಬೈದರೆ ಸಾಲದು. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಪಟ್ಟಿಯೊಂದು, ಸಂಬಳವಿಲ್ಲದ ಹೆಂಡತಿಯ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗವೆಂದು ಹಿಡಿಯಿತು. ಅಂದರೆ ಸಾಹೇಬರ ಹೆಂಡತಿ ತಟ್ಟಿದ ರೊಟ್ಟಿಗೆ ಒಂದು ಬೆಲೆ, ಜವಾನನ ಹೆಂಡತಿಯದಕ್ಕೆ ಇನ್ನೊಂದು. ಆ ಪಟ್ಟಿ ಈಗಿಲ್ಲ. 2001ರ ಜನಗಣತಿಯಂತೂ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ‘ಕೆಲಸವಿಲ್ಲದವರು’ ಎಂದು ಸೇರಿಸಿತ್ತು. ಇದನ್ನು ಸುಪ್ರೀಂ ಕೋರ್ಟು 2010ರಲ್ಲಿ, ಅಪಘಾತದ ಪ್ರಕರಣವೊಂದರಲ್ಲಿಯೇ ಖಂಡಿಸಿತು. 2024ರಲ್ಲಿ ಅದೇ ಕೋರ್ಟು, ಗೃಹಿಣಿಯ ಆದಾಯವನ್ನು ದಿನಗೂಲಿಯವರಿಗಿಂತ ಕಡಿಮೆ ಎಂದು ಹಿಡಿಯುವುದು ಹೇಗೆ ಎಂದು ಕೇಳಿತು. ಒಳ್ಳೆಯ ಮಾತೇ. ಆದರೆ ಆ ಹೆಂಗಸು ಅಪಘಾತದಲ್ಲಿ ಸತ್ತದ್ದು 2006ರಲ್ಲಿ. ಹದಿನೇಳು ವರ್ಷಕ್ಕೂ ಮಿಕ್ಕಿ ಅಲೆದ ಮೇಲೆ ಆರು ಲಕ್ಷ.

ನಮ್ಮ ಮನೆಯಲ್ಲಿ ಅಷ್ಟು ಅಲೆಯುವ ತಾಳ್ಮೆ ಯಾರಿಗಿತ್ತು? ‘ನೋಡಮ್ಮಾ, ಅವಳಿಗೇನು ಸಂಬಳ ಹೋಯಿತೇ? ಬಂದಷ್ಟು ಬರಲಿ’ ಎಂದರು ಭಾವ. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿ ಒಪ್ಪಿಕೊಂಡ ಮೊತ್ತದ ಮೇಲೆ ಅಪೀಲಿಲ್ಲ ಎಂದು ನನಗೂ ಆಮೇಲೆಯೇ ತಿಳಿದದ್ದು. ಅಕ್ಕ ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದಳು.

ಅದಕ್ಕೇ ಹೇಳುತ್ತೇನೆ, ಓದುತ್ತಿರುವ ನಿಮ್ಮ ಮನೆಯಲ್ಲಿ ಇಂಥದ್ದಾಗದಿರಲಿ. ಆದರೆ ಯಾರಾದರೂ ಬಂದು ‘ಇವರು?’ ಎಂದು ಕೇಳಿದರೆ, ಏಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಆಕೆ ಮಾಡುವ ಕೆಲಸವನ್ನೆಲ್ಲ ಹೇಳಿ, ಬರೆಸಿ. ಅವನಿಗೆ ತಡವಾದರೆ ಆಗಲಿ. ಕೆಲಸಕ್ಕೆ ಬಂದವಳಿಗೆ ಕೊಟ್ಟ ದುಡ್ಡನ್ನು ನೋಟುಬುಕ್ಕಿನಲ್ಲಿ ತಾರೀಖು ಸಮೇತ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಿ. ವಕೀಲರಿಗೆ ಹೇಳಿ ಆಕೆಯಿಂದಲೇ ಸಾಕ್ಷಿ ಹೇಳಿಸಿ. ಗಂಡಸರು ರಾಜಿಗೆ ಅವಸರ ಮಾಡಿದರೆ, ಮೊತ್ತ ಎಷ್ಟು, ಯಾವ ಲೆಕ್ಕದ ಮೇಲೆ ಬಂತು ಎಂದು ಕೇಳಿ ತಿಳಿದುಕೊಳ್ಳುವವರೆಗೆ ಪೆನ್ನು ಮುಟ್ಟಬೇಡಿ.

ಅಕ್ಕನಿಗೆ ಬಂದದ್ದು ನನಗೆ ಬಂದುದರ ಅರ್ಧಕ್ಕೂ ಕಡಿಮೆ. ಪಾಸ್‌ಬುಕ್ಕನ್ನು ನನ್ನ ಕೈಗಿಟ್ಟು, ‘ಮೊದಲು ಅಡುಗೆಯವಳ ಎರಡು ತಿಂಗಳ ಬಾಕಿ ಕೊಟ್ಟುಬಿಡೇ’ ಎಂದಳು.