ಮೂಗು ಮುರಿಯುವವರಿಗೆ ಎರಡು ಮಾತು

ಈ ಸಲದ ರಾಮನವಮಿಯಂದು ಸಂಘದಲ್ಲಿ ಪಾನಕ ಹಂಚುತ್ತಿದ್ದ ನಮ್ಮ ಮಗಳನ್ನು ನೋಡಿ ಹಿರಿಯರೊಬ್ಬರು, "ಹುಡುಗಿ ಲಕ್ಷಣವಾಗಿದ್ದಾಳೆ, ಮೂಗೊಂದೇ ಸ್ವಲ್ಪ ದಪ್ಪ. ಈಗ ಅದಕ್ಕೂ ಆಪರೇಷನ್ ಇದೆಯಂತಲ್ಲ!" ಎಂದರು. ಹಿತವಚನವೇ ಇರಬಹುದು. ಆದರೆ ಅಂದಿನಿಂದ ಮಗಳು ಫೋಟೋಕ್ಕೆ ನಿಲ್ಲುತ್ತಿಲ್ಲ. ಗಂಡಿನ ಕಡೆಯವರಿಬ್ಬರು ಇದನ್ನೇ ಸುತ್ತುಬಳಸಿ ಹೇಳಿದ ಮೇಲೆ ನಾವು ಗಂಡಹೆಂಡಿರೂ ಸೋತೆವು. ಮದುವೆಗೆಂದು ಕೂಡಿಟ್ಟ ಹಣದ ಲೆಕ್ಕ ಹಾಕುತ್ತ ಪ್ಲಾಸ್ಟಿಕ್ ಸರ್ಜನ್ನರ ಬಾಗಿಲಿಗೆ ಹೋದೆವು.

ಅಲ್ಲಿ ತಿಳಿದದ್ದನ್ನು ಹಿತವಚನ ಹೇಳುವವರೆಲ್ಲ ಒಮ್ಮೆ ಕೇಳಬೇಕು. ಇದು ಬ್ಯೂಟಿ ಪಾರ್ಲರಿನ ಕೆಲಸವಲ್ಲ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು ಎರಡು ಮೂರು ತಾಸು ಮಾಡುವ ಶಸ್ತ್ರಚಿಕಿತ್ಸೆ. ಮೃದ್ವಸ್ಥಿಯನ್ನು ಕತ್ತರಿಸಿ ಹೊಲಿಯುತ್ತಾರೆ. ಬೇಕಾದರೆ ಮೂಗಿನ ಎಲುಬನ್ನೇ ಮುರಿದು ಕೂಡಿಸುತ್ತಾರೆ. ವಾರದವರೆಗೆ ಮೂಗಿನ ಮೇಲೆ ಗಟ್ಟಿಪಟ್ಟಿ, ಎರಡು ವಾರದವರೆಗೂ ಕಣ್ಣ ಸುತ್ತ ಕಪ್ಪು. ಕೆಲವು ವಾರ ಕನ್ನಡಕದ ಭಾರವೂ ಕೂಡದು. ಬಾವು ಪೂರ್ತಿ ಇಳಿದು ಮೂಗು ತನ್ನ ಆಕಾರಕ್ಕೆ ಬರಲು ಒಂದು ವರ್ಷ ಬೇಕು; ಚರ್ಮ ದಪ್ಪವಿದ್ದರೆ ಇನ್ನೂ ತಡ. ಬರುವ ವೈಶಾಖದ ಮುಹೂರ್ತಕ್ಕೆ ಸಿದ್ಧವಾಗುವ ಸರಕಲ್ಲ ಇದು!

ಕಂಪ್ಯೂಟರಿನಲ್ಲಿ ತೋರಿಸುವ ಮೂಗೇ ಮುಖಕ್ಕೆ ಬರುತ್ತದೆಂಬ ಖಾತರಿ ಇಲ್ಲ. 100ರಲ್ಲಿ 5ರಿಂದ 15 ಮಂದಿಗೆ ಮತ್ತೊಮ್ಮೆ ಕತ್ತಿ ಹಾಕಬೇಕಾಗುತ್ತದಂತೆ. ಎರಡನೆಯದು ಮೊದಲಿನದಕ್ಕಿಂತ ಕಷ್ಟ. ಕೆಲವರಿಗೆ ಸರಾಗವಾಗಿದ್ದ ಉಸಿರಾಟವೇ ಕಟ್ಟಿಕೊಳ್ಳುವುದುಂಟು. ಬರೀ ಅಂದಕ್ಕಾಗಿ ಮಾಡಿಸಿದರೆ ನಮ್ಮಂಥ ಕೇಂದ್ರ ನೌಕರರ ಆರೋಗ್ಯ ಯೋಜನೆಯೂ ಹಣ ಕೊಡುವುದಿಲ್ಲ.

ಇಷ್ಟನ್ನೂ ಹೇಳಿ ಆ ವೈದ್ಯರು ಮಗಳನ್ನು, "ನಿನಗೆ ಬೇಕೇನಮ್ಮ?" ಎಂದು ಕೇಳಿದರು. ಅವಳು ನಮ್ಮ ಮುಖ ನೋಡಿದಳು. ನಾವು ತಲೆ ತಗ್ಗಿಸಿದೆವು.

ಈ ವಿದ್ಯೆಯನ್ನು ನಾವು ಹಳಿಯುತ್ತಿಲ್ಲ. ನಾವಿರುವ ಈ ಪುಣೆಗೇ ಅದರ ಕೀರ್ತಿಯ ಪಾಲಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ 1792ರಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು, ಕೈ ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನಿಳಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದರಿಂದಲೇ ಕಲಿತು ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಹಾಗೆಯೇ ಮಾಡಿದರು. ಕಳೆದ ಮೂಗನ್ನು ಮರಳಿ ಕೊಟ್ಟ ವಿದ್ಯೆ ಅದು. ಇದ್ದ ಮೂಗನ್ನು ಬೀಗರ ಕಣ್ಣಿಗೆ ತಕ್ಕಂತೆ ಕೆತ್ತಿಸಲು ನಾವು ಅದನ್ನು ದುಡಿಸಿಕೊಳ್ಳುವುದು ನ್ಯಾಯವೇ?

ಅಪಘಾತದಲ್ಲಿ ಮೂಗು ಮುರಿದವರು, ಸೀಳುತುಟಿಯ ಮಕ್ಕಳು, ಮೂಗಿನ ಗೋಡೆ ಡೊಂಕಾಗಿ ಉಸಿರಿಗೆ ಒದ್ದಾಡುವವರು ಅಗತ್ಯವಾಗಿ ಮಾಡಿಸಿಕೊಳ್ಳಲಿ. ಪ್ರಾಯಕ್ಕೆ ಬಂದವರು ಎಲ್ಲ ತಿಳಿದು ತಮ್ಮ ಇಷ್ಟದಿಂದ ಹೊರಟರೆ ಅದು ಅವರ ಹಕ್ಕು. ಅರ್ಹ ಸರ್ಜನ್ನರನ್ನೇ ನೋಡಲಿ. ನಮ್ಮ ತಕರಾರು ಬಲವಂತದ ಮೇಲೆ. ಹೆಣ್ಣು ನೋಡಲು ಬಂದವರು ಮೂಗಿನ ಮೇಲೆ ಷರಾ ಬರೆಯುವುದನ್ನು ಕಂಡಿದ್ದೇವೆ. ಗಂಡಿನ ಮೂಗು ಅಳೆದವರನ್ನು ಇನ್ನೂ ಕಂಡಿಲ್ಲ.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ ಇಷ್ಟೆ: ವಧೂವರರ ಪುಟದಲ್ಲಿ 'ನೀಳ ಮೂಗು', 'ಬಿಳಿ ಬಣ್ಣ' ಬೇಡುವ ಪ್ರಕಟಣೆಗಳನ್ನು ಹಾಕಬೇಡಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನೆಂಟಸ್ತಿಕೆಯ ಆಸೆಗೆ ಕೊಯ್ಸಿದ್ದೂ ಅಷ್ಟೆ.

ಮುಂದಿನ ರಾಮನವಮಿಗೂ ನಮ್ಮ ಮಗಳೇ ಪಾನಕ ಹಂಚಲಿದ್ದಾಳೆ. ದಯವಿಟ್ಟು ಬನ್ನಿ, ಲೋಟ ತೆಗೆದುಕೊಳ್ಳಿ. ಮೂಗಿನ ಮಾತು ಮಾತ್ರ ಬೇಡ.