ಲಕ್ಷದ್ವೀಪದ ಮೀನುಗಾರಿಕೆ: ಒಳಗಿನ ನೀರು ಉಳಿದರೆ ಹೊರಗಿನ ಮೀನು

ಪ್ರತಿವರ್ಷ ಮೇ ತಿಂಗಳ ನಡುವೆ ಮಂಗಳೂರಿನ ಹಳೆ ಬಂದರಿನಲ್ಲಿ ಸದ್ದು ಕಡಿಮೆಯಾಗುತ್ತದೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತೊಯ್ಯುವ ಮಂಜಿಗಳ ಓಡಾಟ ಮಳೆಗಾಲದ ಮಟ್ಟಿಗೆ ನಿಲ್ಲುತ್ತದೆ. ಮತ್ತೆ ಆರಂಭವಾಗುವುದು ಸೆಪ್ಟೆಂಬರ್ ನಡುವೆ. ಅದೇ ಹೊತ್ತಿಗೆ, ನೂರಾರು ಕಿಲೋಮೀಟರ್ ದೂರದ ಆ ದ್ವೀಪಗಳಲ್ಲಿಯೂ ಮೀನುಗಾರರು ತಮ್ಮ ದೊಡ್ಡ ದೋಣಿಗಳನ್ನು ದಡಕ್ಕೆ ಎಳೆಯುತ್ತಾರೆ. ಒಂದೇ ಸಮುದ್ರದ ಎರಡು ದಡಗಳು ಒಂದೇ ಮಳೆಗೆ ತಲೆಬಾಗುತ್ತವೆ.

ಈ ನಂಟು ಹೊಸದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಸೇರಿದ್ದವು. 1799ರ ನಂತರ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ಆ ದ್ವೀಪಗಳ ಕಡತಗಳು ಬರುತ್ತಿದ್ದುದು ಮಂಗಳೂರಿನ ಕಲೆಕ್ಟರರ ಮೇಜಿಗೆ. ದ್ವೀಪದ ತೆಂಗಿನ ನಾರು ಇಲ್ಲಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಆದ್ದರಿಂದ ಲಕ್ಷದ್ವೀಪದ ಸುದ್ದಿ ನಮಗೆ ಪರರ ಸುದ್ದಿಯಲ್ಲ.

ಇಂದು ಆ ದ್ವೀಪಗಳ ಮೀನುಗಾರಿಕೆ ಒಂದು ಕವಲುದಾರಿಯಲ್ಲಿ ನಿಂತಿದೆ. ಕೇಂದ್ರ ಸರ್ಕಾರವು 2025ರ ನವೆಂಬರ್‌ನಲ್ಲಿ ಹೊರಡಿಸಿದ ಆಳಸಮುದ್ರ ಮೀನುಗಾರಿಕೆಯ ನಿಯಮಗಳು ಲಕ್ಷದ್ವೀಪ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಗಳ ಮೇಲೆ ವಿಶೇಷ ಕಣ್ಣಿಟ್ಟಿವೆ. ಇದರ ಒಳಿತು ಕೆಡುಕನ್ನು ಅಳೆಯುವ ಮೊದಲು ಅಲ್ಲಿನ ಮೀನುಗಾರನ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ.

ಕಡಲಿನ ಪಂಚಾಂಗ

ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವ ದ್ವೀಪಗಳು 10. 2011ರ ಜನಗಣತಿಯಂತೆ ಜನಸಂಖ್ಯೆ 64,473. ಆದರೆ ಹವಳದ ದಂಡೆಗಳು ಸುತ್ತುವರಿದ ಒಳಗಿನ ಶಾಂತ ನೀರು, ಅಂದರೆ ಲಗೂನು, ಸುಮಾರು 4,200 ಚದರ ಕಿಲೋಮೀಟರ್ ಇದೆ. ಅದರಾಚೆಗೆ ಸುಮಾರು 4 ಲಕ್ಷ ಚದರ ಕಿಲೋಮೀಟರ್ ಸಮುದ್ರ. ನೆಲ ಅಂಗೈಯಷ್ಟು, ನೀರು ಆಕಾಶದಷ್ಟು.

ಮಳೆ ಹಿಂದೆ ಸರಿದು ಕಡಲು ತಣ್ಣಗಾದಾಗ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ದೋಣಿಗಳು ಮತ್ತೆ ನೀರಿಗಿಳಿಯುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಸುಗ್ಗಿಯ ಕಾಲ. ಹಿಡಿಯುವ ಮುಖ್ಯ ಮೀನು ಟ್ಯೂನಾ, ನಮ್ಮ ಕರಾವಳಿಯ ಮಾರುಕಟ್ಟೆಯಲ್ಲಿ ಕೇದರ ಎಂದು ಕರೆಯುವ ಮೀನಿನ ಬಳಗದ್ದು. ಅದರಲ್ಲಿಯೂ ಸ್ಕಿಪ್‌ಜಾಕ್ ಎಂಬ ಜಾತಿ ಹೆಚ್ಚು. ಮೇ ತಿಂಗಳು ಬಂತೆಂದರೆ ಗಾಳಿ ದಿಕ್ಕು ಬದಲಿಸುತ್ತದೆ, ಅಲೆ ಏಳುತ್ತದೆ. ದೋಣಿಗಳನ್ನು ದಡಕ್ಕೆಳೆದು, ಹೊದಿಕೆ ಹಾಕಿ, ದುರಸ್ತಿಗೆ ತೊಡಗುತ್ತಾರೆ.

ಜೂನ್‌ನಿಂದ ಆಗಸ್ಟ್ ತನಕ ಆಚೆ ಸಮುದ್ರದ ಬಾಗಿಲು ಮುಚ್ಚಿರುತ್ತದೆ. ಆಗ ಊರನ್ನು ಸಾಕುವುದು ಲಗೂನು. ಕೈಗಾಳ, ಬೀಸುಬಲೆ ಹಿಡಿದು ಒಳಗಿನ ನೀರಿನಲ್ಲಿ ಮನೆಗೆ ಸಾಲುವಷ್ಟು ಮೀನು ಹಿಡಿಯುತ್ತಾರೆ. ನೀರು ಇಳಿದಾಗ ಹೆಂಗಸರೂ ಗಂಡಸರೂ ಹವಳದ ದಂಡೆಯ ಮೇಲೆ ನಡೆದು ಆಕ್ಟೋಪಸ್ ಹುಡುಕುತ್ತಾರೆ. ಆಚೆಯ ಸಮುದ್ರ ದುಡ್ಡು ಕೊಟ್ಟರೆ, ಒಳಗಿನ ನೀರು ಅನ್ನ ಕೊಡುತ್ತದೆ. ವರ್ಷದ ಈ ಎರಡು ಪಾಲುಗಳ ನಡುವೆ ಒಂದು ಲೆಕ್ಕಾಚಾರವಿದೆ. ಅದನ್ನು ಯಾವ ಕಚೇರಿಯೂ ಬರೆದುಕೊಟ್ಟದ್ದಲ್ಲ.

ಒಂದು ಗಾಳ, ಒಂದು ಮೀನು

ಅಲ್ಲಿನವರು ಟ್ಯೂನಾವನ್ನು ಹಿಡಿಯುವ ರೀತಿಯೇ ವಿಶೇಷ. ದೊಡ್ಡ ಬಲೆ ಇಲ್ಲ, ಟ್ರಾಲ್ ಇಲ್ಲ. ಬೆಳಿಗ್ಗೆ ಮೊದಲು ಲಗೂನಿನಲ್ಲಿ ಸಣ್ಣ ಕಣ್ಣಿನ ಬಲೆ ಇಳಿಸಿ, ಬೆರಳುದ್ದದ ಎರೆಮೀನುಗಳನ್ನು ಜೀವಂತ ಹಿಡಿಯುತ್ತಾರೆ. ದೋಣಿಯ ಹೊಟ್ಟೆಯಲ್ಲಿ ಸಮುದ್ರದ ನೀರು ಹರಿದಾಡುವ ತೊಟ್ಟಿಯೊಂದಿದೆ. ಎರೆಮೀನುಗಳನ್ನು ಅದರಲ್ಲಿ ಸಾಕುತ್ತಾ ದಂಡೆ ದಾಟಿ ಹೊರಡುತ್ತಾರೆ. ಆಕಾಶದಲ್ಲಿ ಹಕ್ಕಿಗಳ ಹಿಂಡು ಕಂಡರೆ ಕೆಳಗೆ ಟ್ಯೂನಾ ಇದೆ ಎಂದರ್ಥ. ಅಲ್ಲಿ ಎರೆಮೀನು ಎರಚಿ, ನೀರಿನ ಮೇಲೆ ತುಂತುರು ಹಾಯಿಸುತ್ತಾರೆ. ಸಣ್ಣ ಮೀನಿನ ಹಿಂಡೇ ಕುದಿಯುತ್ತಿದೆ ಎಂದು ಟ್ಯೂನಾಗಳು ಮೇಲೆ ನುಗ್ಗುತ್ತವೆ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತವರು ಗಳದ ತುದಿಯ ಗಾಳದಿಂದ ಒಂದೊಂದಾಗಿ ಎಳೆದು ದೋಣಿಗೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲ, ಮೀನು ತಾನೇ ಕಳಚಿ ಬೀಳುತ್ತದೆ. ಕೆಲವೇ ನಿಮಿಷಗಳ ಕೆಲಸ. ಹಿಂಡು ಚದುರಿತೆಂದರೆ ಮುಗಿಯಿತು.

ಈ ವಿಧಾನ ಮಿನಿಕಾಯ್ ದ್ವೀಪದ್ದು. ಮಿನಿಕಾಯ್ ಜನರ ಮಹಲ್ ಭಾಷೆ ಮಾಲ್ಡೀವ್ಸ್‌ನ ಭಾಷೆಯ ಬಳಗಕ್ಕೆ ಸೇರಿದ್ದು. ಅಲ್ಲಿನ 11 ಗ್ರಾಮಗಳಿಗೆ ಬೊಡುಕಾಕಾ ಎಂಬ ಹಿರಿಯನೂ ಬೊಡುದಾತಾ ಎಂಬ ಹಿರಿಯಳೂ ಇದ್ದು, ಊರಿನ ಕೆಲಸಗಳನ್ನು ಒಟ್ಟಾಗಿ ನಡೆಸುವ ಪದ್ಧತಿಯಿದೆ. 1960ರ ದಶಕದಲ್ಲಿ ಯಂತ್ರದ ದೋಣಿಗಳು ಬಂದಾಗ ಗಳ-ಗಾಳದ ವಿಧಾನ ಉಳಿದ ದ್ವೀಪಗಳಿಗೂ ಹಬ್ಬಿತು. ಗಮನಿಸಬೇಕಾದ ಸಂಗತಿ ಏನೆಂದರೆ, ಯಂತ್ರ ಬಂದರೂ ಗಾಳ ಬದಲಾಗಲಿಲ್ಲ.

ಹಿಡಿದ ಮೀನಿನಲ್ಲಿ ತಾಜಾ ಮಾರಾಟವಾದದ್ದು ಬಿಟ್ಟು ಉಳಿದದ್ದು ಮಾಸ್‌ಮೀನ್ ಆಗುತ್ತದೆ. ಟ್ಯೂನಾವನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿನಲ್ಲಿ ಮರದ ತುಂಡಿನಂತೆ ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಫ್ರಿಜ್ಜು ಬೇಡ, ಐಸು ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ. ಈ ಕೆಲಸದಲ್ಲಿ ಮನೆಮಂದಿಗೆಲ್ಲ, ವಿಶೇಷವಾಗಿ ಹೆಂಗಸರಿಗೆ, ಪಾಲಿದೆ. ದೋಣಿಗೆ ಹೋಗದವರಿಗೂ ಮೀನಿನಿಂದ ಸಂಪಾದನೆ ಉಂಟು ಎಂಬುದೇ ಇದರ ಅರ್ಥ.

ಸಮಸ್ಯೆಯ ಬೇರು ಎಲ್ಲಿದೆ?

ಇಷ್ಟು ಹೇಳಿದ ಮೇಲೆ ಒಂದು ವಿಷಯ ಸ್ಪಷ್ಟವಾಗಬೇಕು. ಎರೆಮೀನು ಇಲ್ಲದೆ ಟ್ಯೂನಾ ಇಲ್ಲ. ಎರೆಮೀನು ಸಿಗದ ದಿನ, ಹೊರಗೆ ಸಮುದ್ರದಲ್ಲಿ ಟ್ಯೂನಾ ತುಂಬಿದ್ದರೂ ದೋಣಿ ಬರಿದೇ ಮರಳಬೇಕು. ಎರೆಮೀನು ಬದುಕುವುದು ಲಗೂನಿನಲ್ಲಿ. ಲಗೂನನ್ನು ಕಾಯುವುದು ಹವಳ. ಆದ್ದರಿಂದ ಆಳಸಮುದ್ರದ ಭಾಗ್ಯ ನಿಂತಿರುವುದು ಮೊಣಕಾಲು ಆಳದ ನೀರಿನ ಆರೋಗ್ಯದ ಮೇಲೆ.

ಆ ಆರೋಗ್ಯ ಕೆಟ್ಟಿದೆ. 1998, 2010, 2016 ಮತ್ತು 2024ರಲ್ಲಿ ಸಮುದ್ರ ಅತಿಯಾಗಿ ಬಿಸಿಯಾಗಿ ಹವಳಗಳು ಬಿಳಿಚಿಕೊಂಡವು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ 2022ರವರೆಗೆ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳದ ಹರವು ಸುಮಾರು ಅರ್ಧದಷ್ಟು ಇಳಿದಿದೆ. ಚಂಡಮಾರುತಗಳು ಮೀನುಗಾರಿಕೆಯ ತಿಂಗಳುಗಳನ್ನೇ ಬಡಿಯುತ್ತಿವೆ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಬಂತು. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ಎದ್ದ ತೌಕ್ತೆ ನಮ್ಮ ಕರಾವಳಿಯ ದಡಗಳನ್ನೂ ಕೊರೆದು ಹೋದದ್ದು ನೆನಪಿನಲ್ಲಿದೆ.

ಸಮುದ್ರ ಬಿಸಿಯಾದುದಕ್ಕೆ ದ್ವೀಪದ ಗಾಳಗಾರ ಹೊಣೆಯಲ್ಲ. ಆದರೆ ಅವನ ಮೇಲೆ ಬೇರೆ ಹೊರೆಗಳೂ ಬಿದ್ದಿವೆ. 2021ರ ಏಪ್ರಿಲ್‌ನಲ್ಲಿ ಕರಾವಳಿ ನಿಯಮದ ಉಲ್ಲಂಘನೆ ಎಂಬ ಕಾರಣ ನೀಡಿ ಮೀನುಗಾರರ ತೀರದ ಶೆಡ್ಡುಗಳನ್ನು ಆಡಳಿತವು ಕೆಡವಿತು. ದೋಣಿ, ಬಲೆ, ಗಳಗಳಿಗೆ ನೆರಳಾಗಿದ್ದ ಶೆಡ್ಡುಗಳು ಅವು, ಅದೂ ಮಳೆಗಾಲದ ಹೊಸ್ತಿಲಲ್ಲಿ. ಇನ್ನೊಂದೆಡೆ ಮಿನಿಕಾಯ್, ಕಡಮತ್, ಸುಹೇಲಿಗಳಲ್ಲಿ ಲಗೂನಿನ ನೀರಿನ ಮೇಲೆಯೇ ವಿಲ್ಲಾಗಳನ್ನು ಕಟ್ಟುವ ಪ್ರವಾಸೋದ್ಯಮ ಯೋಜನೆಗಳು ರೂಪುಗೊಂಡವು. ಸುಹೇಲಿಯಲ್ಲಿ ಊರಿಲ್ಲ, ನಿಜ. ಆದರೆ ಕವರತ್ತಿಯ ಮೀನುಗಾರರು ಸುಗ್ಗಿಯಲ್ಲಿ ಬೀಡುಬಿಟ್ಟು ಮಾಸ್‌ಮೀನ್ ಮಾಡುವ ಜಾಗ ಅದು. 2025ರ ಜುಲೈಯಲ್ಲಿ ಬಿತ್ರ ದ್ವೀಪವನ್ನು ರಕ್ಷಣಾ ಉದ್ದೇಶಕ್ಕಾಗಿ ವಶಪಡಿಸಿಕೊಳ್ಳುವ ಪ್ರಸ್ತಾವದ ಅಧಿಸೂಚನೆ ಹೊರಬಿತ್ತು. 2011ರಲ್ಲಿ ಬಿತ್ರದ ಜನಸಂಖ್ಯೆ ಕೇವಲ 271. ಆದರೆ ಅದರ ಲಗೂನು ವಿಶಾಲ, ಎರೆಮೀನಿಗೆ ಹೆಸರಾದದ್ದು. ಬೇರೆ ದ್ವೀಪಗಳ ದೋಣಿಗಳೂ ಅಲ್ಲಿಗೆ ಬರುತ್ತವೆ. ದೇಶದ ರಕ್ಷಣೆ ಮುಖ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 271 ಜನರ ಲೆಕ್ಕ ಮಾತ್ರ ಹಿಡಿದರೆ ಆ ಲಗೂನನ್ನು ನಂಬಿದವರ ಲೆಕ್ಕ ತಪ್ಪಿಹೋಗುತ್ತದೆ.

2025ರ ನಿಯಮಗಳು: ಎರಡು ಮುಖ

ಈಗ ಹೊಸ ನಿಯಮಗಳಿಗೆ ಬರೋಣ. ಅವುಗಳಲ್ಲಿ ಸ್ವಾಗತಿಸಬೇಕಾದ ಅಂಶಗಳು ಹಲವು ಇವೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆ, ಬುಲ್ ಟ್ರಾಲ್, ಜೋಡಿ ಟ್ರಾಲ್‌ಗಳಿಗೆ ನಿಷೇಧ ಹೇಳಲಾಗಿದೆ. ವಿದೇಶಿ ಹಡಗುಗಳಿಗೆ ಅವಕಾಶವಿಲ್ಲ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಇದೆ. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಪರವಾನಗಿಯ ತಾಪತ್ರಯವಿಲ್ಲ. ಜೊತೆಗೆ ‘ತಾಯಿ ಹಡಗು, ಮರಿ ದೋಣಿ’ ಎಂಬ ವ್ಯವಸ್ಥೆಗೆ ಉತ್ತೇಜನ ನೀಡಲಾಗಿದೆ. ಸಣ್ಣ ದೋಣಿಗಳು ಹಿಡಿದ ಮೀನನ್ನು ಸಮುದ್ರದ ನಡುವೆಯೇ ಶೀತಲ ಕೋಣೆಗಳಿರುವ ದೊಡ್ಡ ಹಡಗು ತೆಗೆದುಕೊಳ್ಳುತ್ತದೆ.

ಇದರಿಂದ ಲಾಭವಾಗದೆ ಇಲ್ಲ. ಐಸು ಮತ್ತು ಶೀತಲ ಕೋಣೆಗಳ ಕೊರತೆಯಿಂದ ಸುಗ್ಗಿಯ ದಿನಗಳಲ್ಲಿ ದ್ವೀಪದವರು ಒಳ್ಳೆಯ ಮೀನನ್ನು ಅಗ್ಗಕ್ಕೆ ಮಾರುವ ಸ್ಥಿತಿ ಇದೆ. ವರ್ಷಕ್ಕೆ 1 ಲಕ್ಷ ಟನ್ ಟ್ಯೂನಾ ಹಿಡಿಯಬಹುದಾದ ಸಮುದ್ರದಲ್ಲಿ ಅದರ ಸಣ್ಣ ಪಾಲು ಮಾತ್ರ ಹಿಡಿಯಲಾಗುತ್ತಿದೆ ಎಂಬುದು ಅಧಿಕಾರಿಗಳ ವಾದ.

ಆದರೆ ಕೇಳಬೇಕಾದ ಪ್ರಶ್ನೆಗಳೂ ಇವೆ. ತಾಯಿ ಹಡಗು ಯಾರದ್ದು? ಸಂಘದ ಹೆಸರಿನಲ್ಲಿ ಬಂಡವಾಳಗಾರ ಒಳಬಂದರೆ ತಡೆಯುವವರು ಯಾರು? ಮೀನು ಸಮುದ್ರದ ನಡುವೆಯೇ ಕೈಬದಲಾದರೆ ದಡದಲ್ಲಿ ಮಾಸ್‌ಮೀನ್ ಮಾಡುವ ಹೆಂಗಸಿನ ಪಾಲು ಏನಾಗುತ್ತದೆ? ಹೆಚ್ಚು ಟ್ಯೂನಾ ಬೇಕೆಂದರೆ ಹೆಚ್ಚು ಎರೆಮೀನು ಬೇಕು. ಬಡಕಲಾದ ಲಗೂನು ಅದನ್ನು ಎಲ್ಲಿಂದ ಕೊಡಬೇಕು? ಎರೆಮೀನು ಸಾಲದಾದಾಗ ಗಾಳ ಬಿಟ್ಟು ಬಲೆಗೆ ಕೈಹಾಕುವ ಒತ್ತಡ ಬರುವುದಿಲ್ಲವೇ? 1 ಲಕ್ಷ ಟನ್ನಿನ ಲೆಕ್ಕದಲ್ಲಿ ಈ ಬೆರಳುದ್ದದ ಮೀನಿನ ಲೆಕ್ಕ ಸೇರಿದೆಯೇ?

ಎಲ್‌ಇಡಿ ನಿಷೇಧದ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರ ಇದನ್ನು 2017ರ ನವೆಂಬರ್‌ನಲ್ಲಿಯೇ ನಿಷೇಧಿಸಿತ್ತು. ಆ ನಂತರವೂ ರಾತ್ರಿಯ ಸಮುದ್ರದಲ್ಲಿ ದೀಪ ಉರಿದದ್ದು ಮಲ್ಪೆ, ಗಂಗೊಳ್ಳಿ, ಕಾರವಾರದ ನಾಡದೋಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮುಖ್ಯಭೂಮಿಯ ದೊಡ್ಡ ಬೋಟುಗಳು ತಮ್ಮ ನೀರಿಗೆ ಬಂದು ದೀಪ ಹಾಕುತ್ತವೆ ಎಂಬ ದೂರು ಲಕ್ಷದ್ವೀಪದವರದ್ದೂ ಹೌದು. ಕಾಗದದ ಮೇಲಿನ ನಿಷೇಧ ಮೀನನ್ನು ಉಳಿಸುವುದಿಲ್ಲ.

ನಮ್ಮದೇ ಕನ್ನಡಿ

ನಾವು ಈ ದಾರಿಯಲ್ಲಿ ಒಮ್ಮೆ ನಡೆದು ಬಂದವರು. ನಮ್ಮ ದಡದಲ್ಲಿ ರಂಪಣಿ ಇತ್ತು. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಬಲೆ, ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ನಡುವೆ ಪರ್ಸಿನ್ ಬೋಟುಗಳು ಬಂದವು. ಮೀನಿನ ರಾಶಿ ಬಿತ್ತು, ಹಣ ಹರಿಯಿತು. ಆದರೆ ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು, ದಡದಲ್ಲಿ ಜಗಳಗಳಾದವು. ಪರ್ಸಿನ್‌ನಿಂದ ಬದುಕು ಕಟ್ಟಿಕೊಂಡ ಕುಟುಂಬಗಳು ನಮ್ಮ ನಡುವೆಯೇ ಇವೆ, ಅವರನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಬೂತಾಯಿ ಕೈಕೊಟ್ಟ ವರ್ಷಗಳಲ್ಲಿ ಸಾಲದ ಬಿಸಿ ತಟ್ಟಿದ್ದು ಬೋಟಿನವರಿಗೂ ನಾಡದೋಣಿಯವರಿಗೂ. ಹೆಚ್ಚು ಹಿಡಿಯುವುದನ್ನು ಬೇಗ ಕಲಿತೆವು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಡವಾಗಿ ಕಲಿಯುತ್ತಿದ್ದೇವೆ. ಇಂದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆಯನ್ನು ಕಾನೂನು ನಮ್ಮ ಮೇಲೆ ಹೇರಬೇಕಾಗಿದೆ. ದ್ವೀಪದವರ ಕಸುಬಿನಲ್ಲಿ ಮಿತಿ ಮೊದಲೇ ಇದೆ: ಒಂದು ಗಾಳಕ್ಕೆ ಒಂದೇ ಮೀನು.

ಆಗಬೇಕಾದದ್ದೇನು?

ಮಾಲ್ಡೀವ್ಸ್ ಇದೇ ಗಳ-ಗಾಳದ ಸ್ಕಿಪ್‌ಜಾಕ್ ಮೀನಿಗೆ 2012ರಲ್ಲಿ ಎಂಎಸ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆಯಿತು. ಹಿಡಿದ ರೀತಿಗೇ ಮಾರುಕಟ್ಟೆಯಲ್ಲಿ ಬೆಲೆ ಬಂತು. ಲಕ್ಷದ್ವೀಪದ ಮೀನಿಗೂ ಅದೇ ಹಾದಿ ತೆರೆದರೆ, ಹೆಚ್ಚು ಹಿಡಿಯದೆ ಹೆಚ್ಚು ಗಳಿಸಬಹುದು. ಶೀತಲ ಕೋಣೆ ಮೊದಲು ದ್ವೀಪದ ದಡಕ್ಕೆ ಬರಲಿ, ಆಮೇಲೆ ಹಡಗಿಗೆ. ಲಗೂನಿನಲ್ಲಿ ಏನೇ ಕಟ್ಟುವ ಮೊದಲು ಎರೆಮೀನಿನ ಜಾಗಗಳ ನಕ್ಷೆಯಾಗಲಿ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಲ್ಲಿನ ಮೀನುಗಾರರಿಂದಲೇ ಮೀನಿನ ಲೆಕ್ಕ ಬರೆಸುವ ಕೆಲಸ ಮಾಡಿದೆ. ಅಂಥ ಲೆಕ್ಕಕ್ಕೆ ನಿಯಮ ಬರೆಯುವವರ ಮೇಜಿನಲ್ಲಿ ಸ್ಥಾನ ಸಿಗಬೇಕು.

ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್. ವಿ. ರವೀಂದ್ರನ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಲಕ್ಷದ್ವೀಪದ ಬಗ್ಗೆ ತಜ್ಞರ ಸಮಿತಿಯೊಂದನ್ನು ನೇಮಿಸಿತ್ತು. ಅಭಿವೃದ್ಧಿ ಯೋಜನೆಗಳನ್ನು ಸ್ಥಳೀಯ ಚುನಾಯಿತ ಸಂಸ್ಥೆಗಳೊಂದಿಗೆ ಸಮಾಲೋಚಿಸಿಯೇ ಜಾರಿಗೊಳಿಸಬೇಕೆಂಬುದು ಆ ಸಮಿತಿಯ ಸಲಹೆಗಳಲ್ಲಿ ಒಂದು. ಹೊಸ ನಿಯಮಗಳನ್ನು ಅನುಷ್ಠಾನಕ್ಕೆ ತರುವವರು ಅದನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ನಮ್ಮ ಓದುಗರಲ್ಲಿ ಬೋಟಿನವರಿದ್ದಾರೆ, ಮೀನು ಮಾರುವ ತಾಯಂದಿರಿದ್ದಾರೆ, ದಕ್ಕೆಯಲ್ಲಿ ದುಡಿಯುವವರಿದ್ದಾರೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಹಳೆ ಬಂದರಿನಿಂದ ಮೊದಲ ಮಂಜಿ ಹೊರಟಾಗ, ಅದು ತಲುಪುವ ದಡದಲ್ಲಿ ಗಳ ಹಿಡಿದು ನಿಂತವನೂ ನಮ್ಮದೇ ಕಸುಬಿನವನು ಎಂಬುದನ್ನು ನೆನೆಯೋಣ. ಅವನ ನೀರಿನಲ್ಲಿ ದೀಪ ಹಾಕಲು ಹೊರಡುವ ಬೋಟು ನಮ್ಮ ದಕ್ಕೆಯಿಂದ ಹೊರಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.