ಕೊನೇ ಸಲ ಸರಿಯಾಗಿದ್ದಿದ್ದು ಎಷ್ಟು ಗಂಟೆಗೆ?

1/6

ಮೂರು ವಾರ ಕ್ಲಾಸಿಗೆ ಯಾಕೆ ಬಂದಿಲ್ಲ ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ. ಯಾರಿಗೂ ಸರಿಯಾಗಿ ರಿಪ್ಲೈ ಮಾಡೋಕಾಗ್ಲಿಲ್ಲ, ಸಾರಿ. ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಪುಸ್ತಕದಲ್ಲಿ ಪಾರ್ಶ್ವವಾಯು, ನಮ್ಮೂರಲ್ಲಿ ಲಕ್ವ. ಈಗ ಮನೆಗೆ ಬಂದಿದ್ದಾರೆ. ಇದನ್ನ ಬರೀಲಾ ಅಂತ ಅವರನ್ನೇ ಕೇಳಿದೆ. ನಿಧಾನಕ್ಕೆ ಹೇಳಿದ್ರು: "ಬರಿ. ನಿಂಬೆ ಶರಬತ್ತಿನ ವಿಷ್ಯಾನೂ ಬರಿ."

ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಆರು ಪೋಸ್ಟ್. ಆದ್ರೆ ನಿಮ್ಮ ಅಪ್ಪ, ಅಮ್ಮ, ಅಜ್ಜಿಗೋಸ್ಕರ ಪೂರ್ತಿ ಓದಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಸ್ಟ್ರೋಕ್ ಆದಾಗ "ಸ್ವಲ್ಪ ಹೊತ್ತು ನೋಡೋಣ" ಅನ್ನೋದೇ ನಮ್ಮ ಮನೆಗಳಲ್ಲಿ ನಡೆಯೋ ಅತೀ ದೊಡ್ಡ ತಪ್ಪು. ಆ ಮಾತನ್ನ ತಡೆಯೋ ಜವಾಬ್ದಾರಿ ಫೋನ್ ಕೈಯಲ್ಲಿರೋ ನಮ್ಮದು.

2/6

ಅವತ್ತು ಭಾನುವಾರ. ಅಪ್ಪ ಎಂದಿನ ಹಾಗೆ ಬೇಗ ಎದ್ದು ಅಂಗಡಿ ಬಾಗಿಲು ತೆಗೆದಿದ್ದಾರೆ. ನಮ್ಮದು ಚಿಕ್ಕ ಕಿರಾಣಿ ಅಂಗಡಿ, ಮನೆಗೆ ಅಂಟಿಕೊಂಡೇ ಇದೆ. ಹಾಲು ತಗೊಳ್ಳೋಕೆ ಬಂದ ಹುಡುಗನಿಗೆ ಚಿಲ್ಲರೆ ಕೊಡೋವಾಗ ಬಲಗೈಯಿಂದ ಕಾಸು ಜಾರಿ ಬಿತ್ತಂತೆ. ಬಗ್ಗಿ ಎತ್ಕೊಳ್ಳೋಕೂ ಆಗಿಲ್ಲ. ಏನಾಯ್ತು ಅಂದ್ರೆ ನಾಲಿಗೆ ಹೊರಳ್ತಿಲ್ಲ.

ಅಮ್ಮ ಪಿತ್ತ ಇರ್ಬೇಕು ಅಂದ್ರು. ಪಕ್ಕದ ಮನೆ ಆಂಟಿ ಗ್ಯಾಸ್ಟ್ರಿಕ್ಕು ಅಂದ್ರು. ಎದುರು ಮನೆ ತಾತ ಮಾತ್ರ ಇದು ಲಕ್ವ ಅಂತ ಸರಿಯಾಗೇ ಗುರುತು ಹಿಡಿದ್ರು, ಆದ್ರೆ ನಾಟಿ ಔಷಧಿ ಕೊಡೋ ಊರಿಗೆ ಕರ್ಕೊಂಡು ಹೋಗಿ ಅಂದ್ರು! ಅಪ್ಪನ್ನ ಚಾಪೆ ಮೇಲೆ ಮಲಗಿಸಿದ್ರು. ನಾನು? ರಾತ್ರಿ ಎರಡರ ತನಕ ರೀಲ್ಸ್ ನೋಡಿ ಬಿದ್ಕೊಂಡಿದ್ದೆ. ಎದ್ದಿದ್ದು ಎಂಟೂ ಕಾಲಿಗೆ. ಎದ್ದು ನಾನು ಮಾಡಿದ ಮೊದಲನೇ ಕೆಲಸ, ಅಮ್ಮ ಹೇಳಿದ್ರು ಅಂತ ನಿಂಬೆ ಶರಬತ್ತು ಕುಡಿಸಿದ್ದು. ಅಪ್ಪ ನುಂಗೋಕಾಗದೆ ಕೆಮ್ಮಿ ಕೆಮ್ಮಿ ಸುಸ್ತಾದ್ರು.

ಇದನ್ನ ಎಲ್ಲರೂ ತಿಳ್ಕೊಳ್ಳಿ: ಸ್ಟ್ರೋಕ್ ಆದಾಗ ನುಂಗೋ ಶಕ್ತಿಯೂ ಹೋಗಿರಬಹುದು. ಕುಡಿಸಿದ ನೀರು ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಹೋಗಬಹುದು. ನೀರೂ ಬೇಡ, ಕಾಫಿಯೂ ಬೇಡ, ಮಾತ್ರೆಯೂ ಬೇಡ. ಹಾರ್ಟ್‌ಗೆ ಕೊಡ್ತಾರಲ್ಲ ಅಂತ ಆಸ್ಪಿರಿನ್ ಕೊಡೋದೂ ಬೇಡ. ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ರಕ್ತ ಸೋರ್ತಿದೆಯೋ ಹೊರಗಿನಿಂದ ನೋಡಿದ್ರೆ ಗೊತ್ತಾಗಲ್ಲ. ಸೋರ್ತಿದ್ರೆ ಆ ಮಾತ್ರೆಯಿಂದ ಇನ್ನೂ ಕೆಡಬಹುದು.

3/6

ಹತ್ತಿರದ ನರ್ಸಿಂಗ್ ಹೋಮ್‌ಗೆ ಓಡಿದ್ವಿ. ಬಿಪಿ ನೋಡಿದ್ರು, ಡ್ರಿಪ್ ಹಾಕಿದ್ರು, ಡಾಕ್ಟರ್ ಬರಲಿ ಅಂದ್ರು. ನಲವತ್ತು ನಿಮಿಷ ಆದಮೇಲೆ "ಇಲ್ಲಿ ಸಿಟಿ ಸ್ಕ್ಯಾನ್ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಅಂದ್ರು. ಆಂಬ್ಯುಲೆನ್ಸ್‌ನಲ್ಲಿ ಒಂದು ಗಂಟೆ ದಾರಿ. ದೊಡ್ಡಾಸ್ಪತ್ರೆ ತಲುಪಿದಾಗ 10:20.

ಅಲ್ಲಿ ಎಮರ್ಜೆನ್ಸಿಯ ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ ಹೆಸರಲ್ಲ, ದುಡ್ಡಲ್ಲ. "ಇವರು ಕೊನೇ ಸಲ ಸರಿಯಾಗಿದ್ದಿದ್ದು ಎಷ್ಟು ಗಂಟೆಗೆ?"

ಅಮ್ಮ "ಬೆಳಿಗ್ಗೆ" ಅಂದ್ರು. ನಾನು "ಏಳು, ಏಳೂವರೆ" ಅಂದೆ. ಡಾಕ್ಟರ್ ತಲೆ ಅಲ್ಲಾಡಿಸಿ, "ಅಂದಾಜು ಸಾಲದು, ಸರಿಯಾದ ಟೈಮ್ ಬೇಕು" ಅಂದ್ರು.

ಯಾಕೆ ಅಂದ್ರೆ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಒಂದಿದೆ. ಅದನ್ನ ಸಾಮಾನ್ಯವಾಗಿ ಸ್ಟ್ರೋಕ್ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲೆಕ್ಕ ಶುರುವಾಗೋದು ನಾವು ನೋಡಿದ ಗಳಿಗೆಯಿಂದ ಅಲ್ಲ, ರೋಗಿ ಕೊನೇ ಸಲ ಸರಿಯಾಗಿದ್ದ ಗಳಿಗೆಯಿಂದ. ನಿದ್ದೆಯಲ್ಲಿ ಆಗಿದ್ರೆ ಮಲಗಿದ ಹೊತ್ತಿಂದ. ಟೈಮ್ ಗೊತ್ತಿಲ್ಲ ಅಂದ್ರೆ ಇಂಜೆಕ್ಷನ್ ಕೊಡೋದು ಕಷ್ಟ, ಯಾಕಂದ್ರೆ ಹೊತ್ತು ಮೀರಿದಷ್ಟೂ ಮಿದುಳಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ.

ಆಗ ಹೊಳೀತು, ಅಪ್ಪನ ಫೋನ್. ಕಾಲ್ ಹಿಸ್ಟರಿ ತೆಗೆದೆ. 7:04ಕ್ಕೆ ಬ್ರೆಡ್ಡು, ಬನ್ನು ಹಾಕೋ ಅಣ್ಣನಿಗೆ ಎರಡು ನಿಮಿಷ ಮಾತಾಡಿದ್ದಾರೆ. ಅವರಿಗೆ ಫೋನ್ ಮಾಡಿದೆ. "ಚೆನ್ನಾಗೇ ಮಾತಾಡಿದ್ರಲ್ಲಮ್ಮ, ಹಳೇ ಬಾಕಿ ಬಗ್ಗೆ ರೇಗಿಸಿದ್ರು ಕೂಡ" ಅಂದ್ರು. ಅಂದ್ರೆ ನಮಗೆ 11:34ರ ತನಕ ಟೈಮ್ ಇತ್ತು.

ಸಿಟಿ ಸ್ಕ್ಯಾನ್ ಆಯ್ತು, ರಕ್ತಸ್ರಾವ ಇರ್ಲಿಲ್ಲ. ಶುಗರ್ ನೋಡಿದ್ರು, ಬಿಪಿ ಇಳಿಸಿದ್ರು. ಸಹಿ ಹಾಕಿ ಅಂದಾಗ ಚಿಕ್ಕಪ್ಪ "ಇರು, ನಾಲ್ಕು ಜನರನ್ನ ಕೇಳೋಣ" ಅಂದ್ರು. ಅಮ್ಮ ಯಾರನ್ನೂ ಕೇಳಲಿಲ್ಲ. ಸಹಿ ಹಾಕಿದ್ರು. 11:05ಕ್ಕೆ ಇಂಜೆಕ್ಷನ್ ಕೊಟ್ರು. ಉಳಿದಿದ್ದು 29 ನಿಮಿಷ.

4/6

ಇನ್ನೊಂದು ವಿಷಯ. ಇದು ಅಪ್ಪ ವಾರ ಆದಮೇಲೆ, ಒಂದೊಂದೇ ಪದ ಹುಡುಕಿ ಹುಡುಕಿ ಹೇಳಿದ್ದು.

"ನಂಗೆಲ್ಲಾ ಕೇಳಿಸ್ತಿತ್ತು. ನಾನು ಉತ್ತರ ಕೊಡ್ತಾನೇ ಇದೀನಿ ಅನ್ಕೊಂಡಿದ್ದೆ. ಯಾರೂ ನನ್ನ ಕಡೆ ನೋಡ್ತಿರ್ಲಿಲ್ಲ."

ಸ್ಟ್ರೆಚರ್ ಪಕ್ಕದಲ್ಲೇ ನಿಂತು ನೆಂಟರು ಏನೇನು ಮಾತಾಡಿದ್ರು ಗೊತ್ತಾ? "ಇನ್ನು ಅಂಗಡಿ ಯಾರು ನೋಡ್ಕೋತಾರೆ?" "ಹೆಣ್ಣು ಮಗು ಓದು ನಿಲ್ಲಿಸ್ಬೇಕಾಗುತ್ತೇನೋ." ಮಾತು ನಿಂತ ಮನುಷ್ಯನಿಗೆ ಕಿವಿಯೂ ಇಲ್ಲ, ಬುದ್ಧಿಯೂ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ವಿ. ಅಪ್ಪ ಮೇಲೆ ಉರೀತಿದ್ದ ಟ್ಯೂಬ್‌ಲೈಟ್ ನೋಡ್ತಾ ಎಲ್ಲಾ ಕೇಳಿಸ್ಕೊಂಡಿದ್ದಾರೆ.

ಒಬ್ಬ ಸಿಸ್ಟರ್ ಮಾತ್ರ ಅಪ್ಪನ ಎಡಗೈ ಹಿಡ್ಕೊಂಡು, "ಅಣ್ಣಾ, ನಿಮಗೆ ಕೇಳಿಸ್ತಿದೆ ಅಂತ ಗೊತ್ತು. ಹೌದು ಅಂದ್ರೆ ನನ್ನ ಕೈ ಒತ್ತಿ. ಈಗ ಸ್ಕ್ಯಾನ್‌ಗೆ ಕರ್ಕೊಂಡು ಹೋಗ್ತೀವಿ, ಹೆದರ್ಬೇಡಿ" ಅಂದ್ರಂತೆ. ಆ ಇಡೀ ದಿನದಲ್ಲಿ ತಮ್ಮ ಜೊತೆ ಮಾತಾಡಿದ್ದು ಅವರೊಬ್ಬರೇ ಅಂತಾರೆ ಅಪ್ಪ. ಮಗಳಾಗಿ ನನಗೆ ಇದಕ್ಕಿಂತ ನಾಚಿಕೆ ಆದ ವಿಷಯ ಬೇರೆ ಇಲ್ಲ.

ಸ್ಟ್ರೋಕ್ ಆದ ಕೆಲವರಿಗೆ ಬೇರೆಯವರ ಮಾತು ಅರ್ಥವಾಗೋದೂ ಕಷ್ಟ ಆಗುತ್ತೆ, ನಿಜ. ಆದ್ರೂ ಕೇಳಿಸ್ತಿದೆ ಅಂತ್ಲೇ ತಿಳ್ಕೊಂಡು ಮಾತಾಡಿ. ಅದರಿಂದ ನಷ್ಟ ಏನೂ ಇಲ್ಲ.

5/6

"ಹಳ್ಳಿಯವರಿಗೆ ತಿಳುವಳಿಕೆ ಇಲ್ಲ" ಅಂತ ಕಾಮೆಂಟ್ ಹಾಕೋಕೆ ಹೊರಟವರು ಸ್ವಲ್ಪ ನಿಲ್ಲಿ. ತಪ್ಪು ಮನೆಯವರದ್ದು ಮಾತ್ರ ಅಲ್ಲ. ಸಿಟಿ ಸ್ಕ್ಯಾನ್‌ಗೆ ಒಂದು ಗಂಟೆ ದಾರಿ ಹೋಗ್ಬೇಕು ಅಂದ್ರೆ ಅದು ಅಮ್ಮನ ತಪ್ಪಾ?

ನೆನಪಿದೆಯಾ, 2021ರ ಅಕ್ಟೋಬರ್ 29ರಂದು ಅಪ್ಪು ಸರ್ ಹೋದಮೇಲೆ ಇಡೀ ಕರ್ನಾಟಕ ಹಾರ್ಟ್ ಅಟ್ಯಾಕ್ ಬಗ್ಗೆ ಮಾತಾಡ್ತು. ಆಮೇಲೆ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಅದು. ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನವೂ ಹೌದು ಅಂತ ನನಗೆ ಮೊನ್ನೆ ತನಕ ಗೊತ್ತೇ ಇರ್ಲಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಮಿದುಳು ಆರೋಗ್ಯ ಕಾರ್ಯಕ್ರಮ ನಡೆಸ್ತಿದೆ, ಒಳ್ಳೇದು. ಆದ್ರೆ ಎದೆನೋವಿಗೆ ನಾವು ಬೀಳೋ ಗಾಬರಿ, ಬಾಯಿ ಸೊಟ್ಟ ಆದಾಗ ಬೀಳಲ್ಲ. ಸ್ಟ್ರೋಕ್‌ನಲ್ಲಿ ಬಹಳ ಸಲ ನೋವೇ ಇರಲ್ಲ. ನೋವಿಲ್ಲ ಅಂತಲೇ ಮಲಗಿಸ್ತೀವಿ.

ದೊಡ್ಡ ರಕ್ತನಾಳ ಮುಚ್ಚಿಹೋದಾಗ, ಚಿಕಿತ್ಸೆ ಸಿಗದ ಪ್ರತೀ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯ್ತವೆ ಅನ್ನೋದು ವೈದ್ಯರ ಲೆಕ್ಕ. ನಾವು ಪಿತ್ತ, ಗ್ಯಾಸ್ಟ್ರಿಕ್ಕು ಅಂತ ಕೂತಿದ್ದು ಎಷ್ಟು ನಿಮಿಷ, ನೀವೇ ಗುಣಿಸ್ಕೊಳ್ಳಿ.

6/6

ಸೇವ್ ಮಾಡ್ಕೊಳ್ಳಿ:

👉 ನಗೋಕೆ ಹೇಳಿ. ಬಾಯಿ ಒಂದು ಕಡೆ ಜಾರಿದೆಯಾ?
👉 ಎರಡೂ ಕೈ ಎತ್ತೋಕೆ ಹೇಳಿ. ಒಂದು ಕೆಳಗೆ ಬೀಳ್ತಿದೆಯಾ?
👉 ಒಂದು ವಾಕ್ಯ ಹೇಳಿಸಿ. ಮಾತು ತೊದಲ್ತಿದೆಯಾ?
👉 ಇದ್ದಕ್ಕಿದ್ದಂತೆ ಕಣ್ಣು ಮಂಜಾಗೋದು, ನಿಂತಲ್ಲೇ ವಾಲೋದು ಕೂಡ ಲಕ್ಷಣವೇ.

ಒಂದು ಇದ್ರೂ ಸಾಕು, 108ಕ್ಕೆ ಕರೆ ಮಾಡಿ. ಟೈಮ್ ಬರೆದಿಟ್ಕೊಳ್ಳಿ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ "ಸಿಟಿ ಸ್ಕ್ಯಾನ್ ಇದೆಯಾ? ಸ್ಟ್ರೋಕ್ ಇಂಜೆಕ್ಷನ್ ಕೊಡ್ತೀರಾ?" ಅಂತ ಕೇಳಿ. ಉಸಿರಾಟದ ತೊಂದರೆ ಇದ್ರೆ, ಎಚ್ಚರ ತಪ್ಪಿದ್ರೆ ಮಾತ್ರ ಮೊದಲು ಹತ್ತಿರದ ಆಸ್ಪತ್ರೆ. ಹತ್ತು ನಿಮಿಷದಲ್ಲಿ ಎಲ್ಲಾ ಸರಿಹೋಯ್ತು ಅಂದ್ರೂ ಹೋಗಿ, ಅದು ದೊಡ್ಡ ಸ್ಟ್ರೋಕ್‌ಗೆ ಮುನ್ಸೂಚನೆ ಆಗಿರಬಹುದು. ಲೇಟಾಯ್ತು ಅಂತ ಮನೇಲೇ ಕೂರಬೇಡಿ. ದೊಡ್ಡ ರಕ್ತನಾಳದ ಹೆಪ್ಪನ್ನ ಕೆಲವರಿಗೆ 24 ಗಂಟೆಯ ತನಕವೂ ತೆಳುವಾದ ಕೊಳವೆ ತೂರಿಸಿ ತೆಗೀತಾರೆ.

ಅಪ್ಪ ಈಗ ನಡೀತಾರೆ. ಮಾತು ಸ್ವಲ್ಪ ತಡವಾಗಿ ಬರುತ್ತೆ. ಬಲಗೈ ಬೆರಳಲ್ಲಿ ದಾರ ಸುತ್ತಿ ಪೊಟ್ಟಣ ಕಟ್ಟೋಕೆ ಇನ್ನೂ ಆಗಲ್ಲ. ಭಾನುವಾರ ಆ ಕೆಲಸ ನನ್ನದು. ನಾನು ಕಟ್ಟಿದ್ದು ಸಡಿಲ ಅಂತ ಬೈತಾರೆ. ಬೈಗುಳ ಮಾತ್ರ ತಡವಿಲ್ಲದೆ ಬರ್ತಿದೆ 🙂

ಇವತ್ತು ರಾತ್ರಿ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ಹತ್ತಿರ 24 ಗಂಟೆಯೂ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆ ಯಾವುದು ಅಂತ ಹುಡುಕಿ, ನಂಬರ್ ಫ್ಯಾಮಿಲಿ ಗ್ರೂಪಿಗೆ ಹಾಕಿ. ಹಾಕಿದವರು ಕೆಳಗೆ "ಆಯ್ತು" ಅಂತ ಬರೀರಿ. ಅಪ್ಪನಿಗೆ ಓದಿ ಹೇಳ್ತೀನಿ.

#ಪಾರ್ಶ್ವವಾಯು #ಟೈಮ್_ನೋಡಿ #ಕನ್ನಡ